ಭೂಮಿ ನಡುಗಿದಾಗ ಮೇಡಂ ಬಸ್ಸಿನಲ್ಲಿದ್ದರು

ಮೊನ್ನೆ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅಕ್ಕಿ ರೊಟ್ಟಿ ಸೀದ ವಾಸನೆ ಬಂತು. ಹೋಗಿ ನೋಡಿದರೆ ಕಾವಲಿಯ ಮೇಲೆ ರೊಟ್ಟಿ ನಡುಮಧ್ಯೆ ಬಿರುಕು ಬಿಟ್ಟು ಎರಡು ಹೋಳಾಗಿತ್ತು. ನನ್ನ ಹೆಂಡತಿ ಹೇಗಾದರೂ ಅದನ್ನು ಕೂಡಿಸಲೇಬೇಕೆಂದು ಮೊಗಚೋ ಕೈಯಿಂದ ಒಂದು ಹೋಳನ್ನು ಇನ್ನೊಂದರ ಕಡೆಗೆ ತಳ್ಳುತ್ತಿದ್ದಳು. ಅದು ಕೂಡಲಿಲ್ಲ. ಒಂದರ ಅಂಚು ಇನ್ನೊಂದರ ಅಡಿಗೆ ನುಗ್ಗಿತು. ಮೇಲಿನದು ಸುಕ್ಕುಗಟ್ಟಿ ಎದ್ದು ನಿಂತಿತು.

"ಹಿಮಾಲಯ," ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ರೊಟ್ಟಿ ಸೀದಿದ್ದಕ್ಕೆ ನಾನು ಚುಚ್ಚುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಬೇಕು. ಅವಳಿಗೆ ಸಮಾಧಾನ ಹೇಳಿ, ಆ ಸೀದ ಹೋಳನ್ನೇ ತಟ್ಟೆಗೆ ಹಾಕಿಕೊಂಡು ಕೂತೆ. ತಿನ್ನುತ್ತಾ ತಿನ್ನುತ್ತಾ ನಮ್ಮ ಸೋಷಿಯಲ್ ಮೇಡಂ ನೆನಪಾದರು... ನೆನಪಾದರು ಎಂದರೆ, ಎದುರಿಗೇ ಬಂದು ಕೂತುಬಿಟ್ಟರು.

ನಾನು ಲೆಕ್ಕದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಅಲ್ಲಿಂದ ದೂರವಿರಲಿಲ್ಲ. ಊರಿನ ಹೆಸರು ಬೇಡ, ನಮ್ಮ ಆಗಿನ ಹೆಡ್‌ಮಾಸ್ಟ್ರು ಇನ್ನೂ ಬದುಕಿದ್ದಾರೆ. ಹುಣಸೂರಿನಿಂದ ನಾವಿಬ್ಬರು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು, ನಾನು ಮತ್ತು ಸೋಷಿಯಲ್ ಮೇಡಂ. ಅವರು ಮೂಲತಃ ಪಿರಿಯಾಪಟ್ಟಣದವರು. ದಪ್ಪ ಶರೀರ, ಹಣೆಯ ಮೇಲೆ ವಿಭೂತಿ, ಒಂದು ಮನೆ ಸಾಮಾನು ಹಿಡಿಯುವಷ್ಟು ದೊಡ್ಡ ವ್ಯಾನಿಟಿ ಬ್ಯಾಗು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಏನು ಕೇಳಿದರೂ ಅವರ ಮಾತು ಕೊನೆಗೆ ಭೂಮಿಯ ಹೊಟ್ಟೆಯೊಳಗೆ ಹೋಗಿ ನಿಲ್ಲುತ್ತಿತ್ತು.

ಸಮಾಜ ಪುಸ್ತಕದಲ್ಲಿ ಇತಿಹಾಸವಿತ್ತು, ಪೌರನೀತಿಯಿತ್ತು, ಅರ್ಥಶಾಸ್ತ್ರವಿತ್ತು. ಮೇಡಂ ಅವನ್ನೆಲ್ಲ ಸಾಲ ತೀರಿಸುವವರ ಹಾಗೆ ಬೇಗಬೇಗ ಮುಗಿಸುತ್ತಿದ್ದರು. ಭೂಮಿಯ ಫಲಕಗಳು, ಭೂಕಂಪ, ಜ್ವಾಲಾಮುಖಿ, ಸುನಾಮಿ ಬಂದವೋ, ಅಲ್ಲಿ ಬಿಡಾರ ಹೂಡುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೇ ಕೂತರೂ ಪಾಠ ತಪ್ಪುತ್ತಿರಲಿಲ್ಲ. ಒಂದು ದಿನ ಒಬ್ಬ ಮುದುಕ ಕೋಳಿ ಹಿಡಿದುಕೊಂಡು ಬಂದು ಅವರ ಪಕ್ಕ ಕೂತ.

"ಎಲ್ಲಿಗೆ ಯಜಮಾನ್ರೆ?" ಎಂದರು ಮೇಡಂ.

"ಕ್ವಾಟೆಗೆ." ಹೆಗ್ಗಡದೇವನಕೋಟೆಗೆ ಆ ಕಡೆ ಅಷ್ಟೇ ಹೆಸರು.

"ನೀವು ಕೋಟೆಗೆ ಹೋಗ್ತಿದ್ದೀರಿ. ಕೋಟೆ ಎಲ್ಲಿಗೆ ಹೋಗ್ತಿದೆ ಗೊತ್ತಾ? ಉತ್ತರಕ್ಕೆ. ಇಡೀ ದೇಶನೇ ಉತ್ತರಕ್ಕೆ ಹೋಗ್ತಾ ಇದೆ."

ಮುದುಕ ಕಿಟಕಿಯಾಚೆ ನೋಡಿ, ಸ್ವಲ್ಪ ಯೋಚನೆ ಮಾಡಿ ಕೇಳಿದ: "ಅಂಗಾರೆ ಇಳಿಯೋದ್ ಎಲ್ಲಿ ಮೇಡಮ್ಮೋರೆ?"

"ಹೆದರ್ಬೇಡಿ. ವರ್ಷಕ್ಕೆ ಉಗುರು ಬೆಳೆಯೋವಷ್ಟು ಹೋಗುತ್ತೆ, ಅಷ್ಟೇ."

ಕೋಟೆ ಬರುವ ತನಕ ಆ ಮುದುಕ ತನ್ನ ಉಗುರುಗಳನ್ನೇ ನೋಡಿಕೊಳ್ಳುತ್ತಾ ಕೂತಿದ್ದ.

ಅವರ ಪಾಠಕ್ಕೆ ಬೇಕಾದ ಸಾಮಾನೆಲ್ಲ ಆ ಬ್ಯಾಗಿನಲ್ಲೇ ಇರುತ್ತಿತ್ತು. ಅಕ್ಕಿ ರೊಟ್ಟಿಯ ಎರಡು ತುಂಡು ಮೇಜಿನ ಮೇಲಿಟ್ಟು, ಇದು ನಾವು, ಅದು ಏಷ್ಯಾ ಎಂದು ತಳ್ಳಿ ಹಿಮಾಲಯ ಎಬ್ಬಿಸುತ್ತಿದ್ದರು. ಪಾಠ ಮುಗಿದ ಮೇಲೆ ಹಿಮಾಲಯವನ್ನು ಮುಂದಿನ ಬೆಂಚಿನವರು ತಿನ್ನುತ್ತಿದ್ದರು. ಜ್ವಾಲಾಮುಖಿಯ ಪಾಠಕ್ಕೆ ಇಡೀ ತರಗತಿಯನ್ನು ಬಿಸಿಯೂಟದ ಅಡುಗೆಮನೆಗೆ ಕರೆದುಕೊಂಡು ಹೋಗಿ, ಬೇಳೆ ಬೇಯುತ್ತಿದ್ದ ಪಾತ್ರೆಯ ಮುಂದೆ ನಿಲ್ಲಿಸುತ್ತಿದ್ದರು. ಒಳಗಿನ ಹಬೆ ಮುಚ್ಚಳವನ್ನು ಎತ್ತಿ, ನೊರೆ ಉಕ್ಕಿ, ಒಲೆಯ ಮೇಲೆ ಚುರ್ರೆಂದಾಗ "ನೋಡಿದ್ರಾ?" ಎನ್ನುತ್ತಿದ್ದರು. ಅಡುಗೆಯಾಕೆಗೆ ಇದು ಹಿಡಿಸುತ್ತಿರಲಿಲ್ಲ. "ನಮ್ ಸಾರ್ನ ಬೆಂಕಿಬೆಟ್ಟ ಅಂತ ಯೋಳ್ಕೊಡ್ತಾವ್ರೆ ಸಾ, ಐಕ್ಳು ಉಣ್ಣೋದೆಂಗೆ?" ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದಳು.

ಸುನಾಮಿಗೆ ಶಾಲೆಯ ಪಕ್ಕದ ಮನೆಯವರು ದನಗಳಿಗೆ ನೀರಿಡುವ ಕಲ್ಲುಬಾನಿ. ಅದರ ತಳದಲ್ಲಿ ಒಂದು ಹಲಗೆ ಇಟ್ಟು, ಒಂದು ತುದಿಯನ್ನು ಫಕ್ಕನೆ ಎತ್ತುತ್ತಿದ್ದರು. ನೀರು ಮೊದಲು ಹಿಂದಕ್ಕೆ ಸರಿದು, ಆಮೇಲೆ ಒಟ್ಟಿಗೆ ನುಗ್ಗಿ ಬರುತ್ತಿತ್ತು. ಒಂದು ಸಲ ಹೆಡ್‌ಮಾಸ್ಟ್ರು ಬಿಳಿ ಪಂಚೆ ಉಟ್ಟುಕೊಂಡು ಆ ಕಡೆ ಹೋಗುತ್ತಿದ್ದಾಗಲೇ ಸುನಾಮಿ ಬಂತು. ಅವತ್ತಿನ ಪಾಠವನ್ನು ಯಾವ ಹುಡುಗನೂ ಮರೆತಿರಲಾರ.

"ಸಮುದ್ರ ಹಿಂದಕ್ಕೆ ಹೋದ್ರೆ ಏನ್ ಮಾಡ್ಬೇಕು?" ಎಂದು ಮೇಡಂ ಕೇಳುವರು.

"ಚಿಪ್ಪು ಆಯಕ್ಕೆ ಓಗ್ಬಾರ್ದು ಮಿಸ್. ಎತ್ತರಕ್ಕೆ ಓಡ್ಬೇಕು ಮಿಸ್," ಎಂದು ತರಗತಿ ಒಕ್ಕೊರಲಿನಿಂದ ಕೂಗುವುದು. ಆ ಮಕ್ಕಳಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಭೂಕಂಪದ ಕವಾಯತು. ಯಾವ ಪೀರಿಯಡ್ಡಿನಲ್ಲಾದರೂ ಸರಿ, ಇದ್ದಕ್ಕಿದ್ದ ಹಾಗೆ ಗಂಟೆ ಢಣಢಣ ಬಡಿದುಕೊಳ್ಳುತ್ತಿತ್ತು. ಮೇಡಂ ಜಗಲಿಯ ಮೇಲೆ ನಿಂತು "ಬಗ್ಗು, ನುಗ್ಗು, ಹಿಡ್ಕೊ" ಎಂದು ಕೂಗುವರು. ಮಕ್ಕಳು ಬಗ್ಗಿ, ಡೆಸ್ಕಿನ ಅಡಿಗೆ ನುಗ್ಗಿ, ಅದರ ಕಾಲು ಹಿಡಿದುಕೊಳ್ಳಬೇಕು. ಆಮೇಲೆ ಸಾಲಾಗಿ, ಓಡದೆ, ಮೈದಾನಕ್ಕೆ ಹೋಗಬೇಕು. ನನ್ನ ವರ್ಗಸಮೀಕರಣಗಳು ಎಷ್ಟೋ ಸಲ ಹೀಗೆ ಡೆಸ್ಕಿನ ಅಡಿಗೆ ಹೋದವು. ಮಕ್ಕಳಿಗೆ ಮಾತ್ರ ಹಬ್ಬ.

ಡೆಸ್ಕುಗಳು ಮುಟ್ಟಿದರೆ ಅಲ್ಲಾಡುತ್ತಿದ್ದವು. ನಮ್ಮ ಅಬ್ಬಾ ಹುಣಸೂರಿನಲ್ಲಿ ಮರಗೆಲಸ ಮಾಡುತ್ತಿದ್ದರು ಎಂಬುದು ಮೇಡಂಗೆ ಗೊತ್ತಾದದ್ದೇ ತಡ, ಒಂದು ಶನಿವಾರ ಮಧ್ಯಾಹ್ನ ಅವರನ್ನು ಶಾಲೆಗೆ ಬರುವಂತೆ ಮಾಡಿದರು. ಅಬ್ಬಾ ಒಂದು ಡೆಸ್ಕನ್ನು ಕುಲುಕಿ ನೋಡಿದರು.

"ಸಾಹೇಬ್ರೆ, ಇದರ ಮೇಲೆ ಛಾವಣಿ ಬಿದ್ರೆ ಇದು ತಡೀಬೇಕು," ಎಂದರು ಮೇಡಂ.

ಅಬ್ಬಾ ತಲೆಯೆತ್ತಿ ಹಳೆಯ ಹೆಂಚುಗಳನ್ನೂ ತೊಲೆಯನ್ನೂ ನೋಡಿದರು. "ಛಾವಣಿ ಬೀಳೋ ಹಂಗಿದ್ರೆ ಛಾವಣಿ ರಿಪೇರಿ ಮಾಡಿಸಿ ಅಮ್ಮಾ. ಡೆಸ್ಕು ಏನು ತಪ್ಪು ಮಾಡೈತೆ?"

"ಅದಕ್ಕೂ ಬರ್ಕೊಟ್ಟಿದ್ದೀವಿ. ಅದು ಮಂಜೂರಾಗೋದ್ರೊಳಗೆ ಭೂಕಂಪನೇ ಬರಬಹುದು."

ಅಬ್ಬಾ ನಕ್ಕು ಕೆಲಸಕ್ಕೆ ಕೂತರು. ಒಂದೊಂದು ಡೆಸ್ಕಿಗೂ ಅಡ್ಡಪಟ್ಟಿ ಹೊಡೆದು, ಕೀಲುಗಳನ್ನು ಬಿಗಿ ಮಾಡಿದರು. ಕೊನೆಗೆ ಮೇಡಂ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಒಂದು ಡೆಸ್ಕಿನ ಮೇಲೆ ಹತ್ತಿ ನಿಂತರು. ಅದು ಕಿರ್ರೆನ್ನಲಿಲ್ಲ. ಮೇಡಂ ಸಣ್ಣಗೆ ಒಮ್ಮೆ ಹಾರಿಯೂ ನೋಡಿದರು. ಆಗ ಸರಿಯಾಗಿ ಹೆಡ್‌ಮಾಸ್ಟ್ರು ಬಾಗಿಲಿಗೆ ಬಂದರು, ನೋಡಿದರು, ಬಂದ ದಾರಿಯಲ್ಲೇ ಹೊರಟುಹೋದರು.

ಅದೇ ವರ್ಷದ ಕೊನೆಯಲ್ಲಿ ತಮಿಳುನಾಡಿನ ಕಡೆ ಸುನಾಮಿ ಬಂತು. ಟಿವಿಯಲ್ಲಿ ಅದನ್ನೆಲ್ಲ ನೋಡಿ ಮೇಡಂ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. "ನೀರು ಹಿಂದಕ್ಕೆ ಹೋದಾಗ ಜನ ನೋಡ್ತಾ ನಿಂತಿದ್ರಂತೆ ಮೇಷ್ಟ್ರೆ... ಒಬ್ರು, ಒಬ್ರು ಹೇಳಿದ್ದಿದ್ರೆ ಸಾಕಿತ್ತು," ಎಂದು ಬಸ್ಸಿನಲ್ಲಿ ಪದೇ ಪದೇ ಅನ್ನುತ್ತಿದ್ದರು. ಅದಾದ ಮೇಲೆ ಅವರ ಪಾಠ ಇನ್ನೂ ಬಿಗಿಯಾಯಿತು. ಮಕ್ಕಳಿಗೆ ಸಮುದ್ರವನ್ನು ಒಂದು ಸಲ ಕಣ್ಣಿನಿಂದ ತೋರಿಸಲೇಬೇಕು ಎಂದು ಹಟ ಹಿಡಿದರು. ಮುಂದಿನ ವರ್ಷದ ಪ್ರವಾಸ ಬಾವಲಿಯ ಗಡಿ ದಾಟಿ ಕೇರಳದ ಕಡಲ ತೀರಕ್ಕೆ ಎಂದಾಯಿತು.

ನಾವು ತೀರ ಮುಟ್ಟಿದಾಗ ಸಂಜೆ. ಮಕ್ಕಳು ಸಮುದ್ರ ನೋಡಿ ಮೊದಲು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು, ಆಮೇಲೆ ನೀರಿಗಿಳಿದರು. ಹೆಡ್‌ಮಾಸ್ಟ್ರು ಪ್ಯಾಂಟು ಮಡಿಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ನೆನೆಯುವಷ್ಟು ನೀರಿನಲ್ಲಿ ಗಂಭೀರವಾಗಿ ನಿಂತಿದ್ದರು. ಮೇಡಂ ಸ್ವಲ್ಪ ಹಿಂದೆ ಮರಳಿನ ಮೇಲೆ ಕೂತಿದ್ದರು. ಹೊತ್ತು ಹೋದ ಹಾಗೆ ನೀರು ಮೆಲ್ಲಗೆ ಹಿಂದಕ್ಕೆ ಸರಿಯುತ್ತಾ ಇತ್ತು. ಒಂದು ದೊಡ್ಡ ಅಲೆ ಬಂದು, ವಾಪಸು ಹೋಗುವಾಗ ಬಹಳ ದೂರ ಹೋಯಿತು. ಅದು ಬಿಟ್ಟ ಜಾಗದಲ್ಲೆಲ್ಲ ಚಿಪ್ಪು.

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಮೆಲ್ಲಗೆ, "ಸಮುದ್ರ ಇಂದಕ್ಕೋಯ್ತು," ಎಂದಳು.

ಆಮೇಲೆ ಇಡೀ ಶಾಲೆ "ಸುನಾಮಿ, ಸುನಾಮಿ" ಎಂದು ಕಿರಿಚುತ್ತಾ ರಸ್ತೆಯ ಕಡೆಗೆ ಓಡಿತು. ನಮ್ಮ ಮಕ್ಕಳು ಓಡಿದ್ದು ನೋಡಿ ಅಲ್ಲಿದ್ದ ಜನರೂ ಓಡಿದರು. ಆ ಜನಕ್ಕೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ಒಂದು ಪದ ಆಗ ಎಲ್ಲ ಭಾಷೆಗೂ ಬಂದುಬಿಟ್ಟಿತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ಕೈ ಬಿಡಿಸಿಕೊಂಡು ಬೇರೆ ಬೇರೆ ದಿಕ್ಕಿಗೆ ಓಡಿತು. ಒಬ್ಬ ಪೊಲೀಸಿನವನು ಸೀಟಿ ಊದುತ್ತಾ, ಜನರನ್ನು ಹತೋಟಿಗೆ ತರುತ್ತಾ, ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಅವನನ್ನು ಹಿಂದೆ ಹಾಕಿದ್ದು ನಮ್ಮ ಹೆಡ್‌ಮಾಸ್ಟ್ರು ಒಬ್ಬರೇ. ಕಡಲೆಕಾಯಿ ಗಾಡಿಯವನು ಗಾಡಿ ಬಿಟ್ಟು ಓಡುವಾಗ ಗಾಡಿ ಮಗುಚಿಕೊಂಡಿತು.

ರಸ್ತೆಯ ಮೇಲೆ ನಿಂತು ಏದುಸಿರು ಬಿಡುತ್ತಾ ಹಿಂದಿರುಗಿ ನೋಡಿದೆವು. ಸಮುದ್ರ ತನ್ನ ಪಾಡಿಗೆ ತಾನಿತ್ತು. ಖಾಲಿ ಮರಳಿನ ಮೇಲೆ ಮೇಡಂ ಒಬ್ಬರೇ, ಯಾವ ಮಗುವಾದರೂ ಹಿಂದುಳಿಯಿತೇ ಎಂದು ಆ ಕಡೆ ಈ ಕಡೆ ನೋಡುತ್ತಾ, ನಿಧಾನವಾಗಿ ನಡೆದು ಬರುತ್ತಿದ್ದರು.

"ಎಲ್ಲರೂ ಎತ್ತರಕ್ಕೆ ಬಂದ್ರಾ?" ಎಂದರು. "ಶಹಬಾಸ್." ಒಂದು ಗಳಿಗೆ ಬಿಟ್ಟು, ಸ್ವಲ್ಪ ತಗ್ಗಿದ ಧ್ವನಿಯಲ್ಲಿ ಹೇಳಿದರು: "ಅದು ಇಳಿತ ಕಣ್ರೋ. ದಿನಾ ಆಗುತ್ತೆ. ಅದನ್ನ ಹೇಳ್ಕೊಡೋದು ಮರ್ತಿದ್ದೆ."

ಕಡಲೆಕಾಯಿಯವನು ಮಲಯಾಳದಲ್ಲಿ ಮಾತಾಡಿದ. ನಮಗೆ ಪೂರ್ತಿ ಅರ್ಥವಾಗಲಿಲ್ಲ, ಆಗಬೇಕಾದಷ್ಟು ಆಯಿತು. ಮೇಡಂ ಅವನ ಚೆಲ್ಲಿದ ಕಡಲೆಕಾಯಿಯನ್ನೆಲ್ಲ ಕೊಂಡು, ಮಕ್ಕಳ ಕೈಯಲ್ಲಿ ಆಯಿಸಿದರು. ವಾಪಸು ಬರುವ ದಾರಿಯಲ್ಲಿ ಕಾಡು ಮುಗಿಯುವವರೆಗೂ ಬಸ್ಸಿನಲ್ಲಿ ಮರಳು ಕಡಿಯುವ ಸದ್ದು.

ಮಾರನೆಯ ದಿನವೇ ಹೆಡ್‌ಮಾಸ್ಟ್ರು ಕವಾಯತು ನಿಲ್ಲಿಸಿದರು. "ಇನ್ಮೇಲೆ ಭೂಮಿ ನಡುಗೋದಿದ್ರೆ ಸಿಲಬಸ್ ಪ್ರಕಾರ ನಡುಗ್ಲಿ ಮೇಡಂ," ಎಂದರು. ಊರಿನಲ್ಲಿ ಮೇಡಂಗೆ 'ಸುನಾಮಿ ಟೀಚರಮ್ಮ' ಎಂದು ಹೆಸರು ಬಿತ್ತು. ನಗು ಎಷ್ಟು ದಿನವಿರುತ್ತದೆ, ಮೇಡಂ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ ಎಂದುಕೊಂಡಿದ್ದೆ. ಆದರೆ ಅವರು ಬಸ್ಸಿನಲ್ಲಿ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂರತೊಡಗಿದರು. ಪಕ್ಕದಲ್ಲಿ ಯಾರು ಬಂದು ಕೂತರೂ ಪಾಠವಿಲ್ಲ. ಒಂದು ದಿನ ಕೇಳಿದರು:

"ಮಕ್ಕಳನ್ನ ಹೆದರಿಸಿಬಿಟ್ನಾ ಮೇಷ್ಟ್ರೆ?"

"ಇಲ್ಲ ಮೇಡಂ, ಅವರೆಲ್ಲ ಆಗಲೇ ಮರ್ತಿದ್ದಾರೆ."

"ಆ ಹುಡುಗಿ ಮರ್ತಿಲ್ಲ, ಮೊದಲು ಕೂಗಿದವಳು. ಕೆರೆ ಹತ್ರ ಬಟ್ಟೆ ಒಗೆಯೋಕೂ ಹೋಗಲ್ವಂತೆ. ಅವರಮ್ಮ ಬಂದು ಅತ್ಕೊಂಡು ಹೇಳಿದ್ರು. ಎಚ್ಚರ ಕಲಿಸೋಕೆ ಹೋಗಿ ದಿಗಿಲು ಕಲಿಸಿಬಿಟ್ಟೆ."

ಬಸ್ಸು ಹೊಗೆಸೊಪ್ಪಿನ ಹೊಲಗಳ ನಡುವೆ ಹೋಗುತ್ತಿತ್ತು...

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಮೇಡಂಗೆ ಕೋಟೆಯಲ್ಲಿ ಏನೋ ಮೀಟಿಂಗಿತ್ತು. ನಾನೊಬ್ಬನೇ ಶಾಲೆಗೆ ಹೋದೆ. ಅವರು ಮೀಟಿಂಗು ಮುಗಿಸಿ ಮುಂದಿನ ಬಸ್ಸಿಗೆ ಬರುವವರಿದ್ದರು. ಒಂಬತ್ತನೇ ತರಗತಿಗೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಎಲ್ಲೋ ದೂರದಲ್ಲಿ ಲಾರಿ ಬರುವ ಸದ್ದಾಯಿತು. ಲಾರಿ ರಸ್ತೆಯ ಮೇಲೆ ಬರಲಿಲ್ಲ, ನೆಲದ ಕೆಳಗಿಂದ ಬಂತು. ಕಿಟಕಿಗಳು ಗಡಗಡ ಅಂದವು. ಸೂರಿನಿಂದ ಧೂಳು ಸುರಿಯಿತು. ಗಾಳಿ ಎದ್ದಿರಬೇಕು ಎಂದು ನಾನು ಕಿಟಕಿಯ ಕಡೆ ನೋಡುತ್ತಿದ್ದೆ, ಅಷ್ಟರಲ್ಲಿ ನನ್ನ ಹಿಂದೆ ಯಾರೋ "ಬಗ್ಗು" ಎಂದರು. ತಿರುಗಿ ನೋಡಿದರೆ ತರಗತಿಯಲ್ಲಿ ಒಬ್ಬರೂ ಇಲ್ಲ. ಸೀಮೆಸುಣ್ಣ ಹಿಡಿದುಕೊಂಡು ನಿಂತಿದ್ದವನು ನಾನೊಬ್ಬನೇ.

ಡೆಸ್ಕಿನ ಅಡಿಯಿಂದ ಒಂದು ಕೈ ಬಂದು ನನ್ನ ಪ್ಯಾಂಟು ಎಳೆಯಿತು. "ಸಾ, ಬಗ್ಗಿ ಸಾ." ಕಡಲ ತೀರದಲ್ಲಿ ಮೊದಲು ಕೂಗಿದ್ದಳಲ್ಲ, ಆ ಹುಡುಗಿ. ನಾನು ಬಗ್ಗಿದೆ. ತಲೆ, ಭುಜ ಒಳಗೆ ಹೋದವು, ಉಳಿದದ್ದು ಹೊರಗೇ ಉಳಿಯಿತು. ಆ ಕ್ಷಣದಲ್ಲೇ ಹಿಂದಿನ ಸಾಲಿನ ಮೇಲೆ ಹೆಂಚುಗಳು ಜಾರಿ ಬಿದ್ದವು. ಡೆಸ್ಕುಗಳ ಮೇಲೆ ಬಿದ್ದು ಚೂರಾದ ಆ ಸದ್ದು ಈಗಲೂ... ಎಲ್ಲವೂ ನಿಂತ ಮೇಲೆ, ನಾನು ಹೇಳುವ ಮೊದಲೇ, ಮಕ್ಕಳು ಒಬ್ಬೊಬ್ಬರಾಗಿ ಹೊರಬಂದು, ಸಾಲಾಗಿ, ಓಡದೆ, ಮೈದಾನಕ್ಕೆ ಹೋಗಿ ನಿಂತರು. ಬೇರೆ ತರಗತಿಗಳೂ ಹಾಗೇ ಬಂದವು. ಒಬ್ಬ ಹುಡುಗನ ಮೊಣಕೈ ತರಚಿತ್ತು, ಅದೂ ಡೆಸ್ಕಿನೊಳಗೆ ನುಗ್ಗುವ ಅವಸರದಲ್ಲಿ. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಮೈದಾನಕ್ಕೆ ಬಾರದೆ ಉಳಿದವರು ಹೆಡ್‌ಮಾಸ್ಟ್ರು ಮಾತ್ರ. ಆಫೀಸಿಗೆ ಹೋಗಿ ನೋಡಿದರೆ ಅವರು ಮೇಜಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದರು. ನಾನೂ ಡ್ರಿಲ್ ಮಾಸ್ಟ್ರೂ ಸೇರಿ ಮೇಜನ್ನೇ ಎತ್ತಿ ಅವರನ್ನು ಹೊರತೆಗೆದೆವು.

ಅಷ್ಟರಲ್ಲಿ ಬಸ್ಸು ಬಂತು. ಮೇಡಂ ಇಳಿದು, ಬೆವರು ಒರೆಸಿಕೊಳ್ಳುತ್ತಾ ಗೇಟಿನೊಳಗೆ ಬಂದರು. ಮಕ್ಕಳು ಸಾಲು ಮುರಿದು ಓಡಿದರು. "ಮಿಸ್, ಭೂಕಂಪ ಬಂದಿತ್ತು ಮಿಸ್."

ತಮಾಷೆ ಮಾಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು. ಮುಖ ಬಾಡಿತು. ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಯಾವಾಗ?"

"ಈಗ್ಲೇ ಮೇಡಂ, ಅರ್ಧ ಗಂಟೆಯೂ ಆಗಿಲ್ಲ."

ಅವರು ನಿಂತಲ್ಲೇ ಲೆಕ್ಕ ಹಾಕಿದರು. ಆಗ ಅವರ ಬಸ್ಸು ಕೋಟೆ ದಾಟಿ, ಆ ದಾರಿಯಲ್ಲೆಲ್ಲ ಹೆಚ್ಚು ಗುಂಡಿಗಳಿದ್ದ ಜಾಗದಲ್ಲಿತ್ತು.

"ಬಸ್ಸು ಕುಲುಕಿತು," ಎಂದರು. "ಅದು ದಿನಾ ಕುಲುಕುತ್ತೆ ಅಂತ ಸುಮ್ನಿದ್ದೆ."

ಒಂಬತ್ತನೇ ತರಗತಿಯೊಳಗೆ ಹೋದರು. ಹಿಂದಿನ ಸಾಲಿನ ಡೆಸ್ಕುಗಳ ಮೇಲೆ ಹೆಂಚಿನ ಚೂರು. ಮೇಲೆ ಆಕಾಶ ಕಾಣುತ್ತಿತ್ತು. ಅವರು ಒಂದು ಡೆಸ್ಕಿನ ಮೇಲೆ ಅಂಗೈ ಊರಿಕೊಂಡು ಬಹಳ ಹೊತ್ತು ನಿಂತರು. ಯಾವುದರ ಕೆಳಗೆ ಯಾರು ಯಾರಿದ್ದಿರಿ ಎಂದು ಹಿಂದೆಯೇ ಬಂದಿದ್ದ ಮಕ್ಕಳನ್ನು ಕೇಳಿ, ಅವರ ತಲೆಯನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನನ್ನ ಪ್ಯಾಂಟು ಎಳೆದ ಹುಡುಗಿಯ ತಲೆಯ ಮೇಲಿಟ್ಟ ಕೈಯನ್ನು ಮಾತ್ರ ಬೇಗ ತೆಗೆಯಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ಟ್ರು ಕೂದಲ ತುಂಬ ಧೂಳಿನೊಂದಿಗೆ ಬಾಗಿಲಿಗೆ ಬಂದರು.

"ಮೇಡಂ, ಆ ಡ್ರಿಲ್ಲು... ನಾಳೆಯಿಂದ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಸಾರ್, ನಿಮ್ಮ ಟೇಬಲ್ಲು ಚಿಕ್ಕದಾಯ್ತು," ಎಂದರು ಮೇಡಂ. "ಮೇಷ್ಟ್ರ ತಂದೆಯವರಿಗೆ ಹೇಳಿ ದೊಡ್ಡದು ಮಾಡ್ಸೋಣ."

ಸಂಜೆ ಬಸ್ಸಿನಲ್ಲಿ ಅವರ ಸಂಕಟ ಹೊರಬಿತ್ತು. ಆಯುಸ್ಸೆಲ್ಲ ಅದನ್ನೇ ಪಾಠ ಮಾಡಿದ್ದರು. ಅದು ಬಂತು. ಅಡುಗೆಯಾಕೆಗೂ ಗೊತ್ತಾಯಿತು, ಹೆಡ್‌ಮಾಸ್ಟ್ರಿಗೂ ಗೊತ್ತಾಯಿತು, ಪಕ್ಕದ ಮನೆಯ ಎಮ್ಮೆಗೂ ಗೊತ್ತಾಗಿ ಅದು ಹಗ್ಗ ಕಿತ್ತುಕೊಂಡು ಹೋಗಿತ್ತು. ಇವರೊಬ್ಬರಿಗೇ ಗೊತ್ತಾಗಲಿಲ್ಲ.

"ಹೇಗಿತ್ತು, ಸರಿಯಾಗಿ ಹೇಳಿ ಮೇಷ್ಟ್ರೆ."

"ಲಾರಿ ಬಂದ ಹಾಗಿತ್ತು ಮೇಡಂ."

"ಖಾಲಿ ಲಾರಿನೋ, ಲೋಡ್ ಲಾರಿನೋ?"

"ಲೋಡು."

"ಹೊಗೆಸೊಪ್ಪಿನ ಲೋಡೋ, ಮರದ ಲೋಡೋ?"

ಮರದ ಲೋಡೆಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಅದನ್ನು ಕೇಳಿಸಿಕೊಳ್ಳಲು ನೋಡಿದರು. ಬಸ್ಸು ಗುಂಡಿಗೆ ಇಳಿದು ಎದ್ದಿತು. ಕಣ್ಣು ಬಿಟ್ಟು, "ಥೂ ಇದರ," ಎಂದರು.

ಮಾರನೆಯ ದಿನ ಹಳ್ಳಿಗೆ ಹೋದರೆ ಊರೇ ಮನೆ ಬಿಡುತ್ತಿತ್ತು. ಎನ್. ಬೇಗೂರಿನ ಕಡೆಯಿಂದ ಯಾರೋ ಫೋನ್ ಮಾಡಿದ್ದರಂತೆ: ಇವತ್ತು ಸಂಜೆ ಇನ್ನೂ ದೊಡ್ಡದು ಬರುತ್ತದೆ, ಅಣೆಕಟ್ಟೆ ಒಡೆಯುತ್ತದೆ. ಟ್ರ್ಯಾಕ್ಟರುಗಳ ಮೇಲೆ ಮಂಚ, ಟಿವಿ, ಕೋಳಿ, ಅಜ್ಜಿಯರು. ಒಬ್ಬ ಬಾಣಂತಿಯನ್ನು ಹಸುಗೂಸಿನ ಜೊತೆ ಟ್ರ್ಯಾಕ್ಟರಿನ ಮೇಲೆ, ಬಿಸಿಲಿನಲ್ಲಿ ಕೂರಿಸಿದ್ದರು. ಅದನ್ನು ನೋಡಿ ಮೇಡಂಗೆ ತಡೆಯಲಾಗಲಿಲ್ಲ.

"ಭೂಕಂಪ ಯಾವ ಹೊತ್ತಿಗೆ ಬರುತ್ತೆ ಅಂತ ಪ್ರಪಂಚದಲ್ಲಿ ಯಾರಿಗೂ ಹೇಳೋಕಾಗಲ್ಲ," ಎಂದು ಶಾಲೆಯ ಮುಂದೆ ನಿಂತು ಹೇಳಿದರು. "ದೊಡ್ಡ ದೊಡ್ಡ ವಿಜ್ಞಾನಿಗಳಿಗೇ ಆಗಲ್ಲ. ಸಂಜೆ ಬರುತ್ತೆ ಅಂದವನು ಸುಳ್ಳ. ಸಣ್ಣಪುಟ್ಟದು ಇನ್ನೊಂದು ಬಂದ್ರೂ ಬರಬಹುದು. ಬಿರುಕು ಬಿಟ್ಟ ಗೋಡೆ ಹತ್ರ ಮಲಗ್ಬೇಡಿ. ಅದಕ್ಕೆ ಊರು ಬಿಡೋದ್ಯಾಕೆ?"

ಊರಿನ ಯಜಮಾನರೊಬ್ಬರು ಟವೆಲು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. ಗೌರವವಾಗಿಯೇ ಕೇಳಿದರು: "ನೀವು ಯೋಳೋದು ಸರಿ ಮೇಡಮ್ಮೋರೆ. ಆದ್ರೆ ನಾವೆಲ್ಲ ಕಂಡಿವಿ. ನೀವ್ ಕಾಣ್ಲೇ ಇಲ್ವಲ್ಲ?"

ಮೇಡಂ ಸ್ಟಾಫ್ ರೂಮಿಗೆ ಹೋಗಿ ಒಂದು ಹಿತ್ತಾಳೆ ಚೆಂಬಿನ ತುಂಬ ನೀರು ತುಂಬಿಸಿಕೊಂಡು ಬಂದರು. ಮೈದಾನದ ನಡುವೆ ಅದನ್ನಿಟ್ಟು, ಅದರ ಮುಂದೆ ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೀರನ್ನೇ ನೋಡತೊಡಗಿದರು. ನೆಲ ಅಲ್ಲಾಡಿದರೆ ನೀರು ನಡುಗುತ್ತದೆ, ಈ ಸಲ ತಪ್ಪಿಸಿಕೊಳ್ಳಬಾರದು ಎಂಬುದಷ್ಟೇ ಅವರ ಉದ್ದೇಶ.

ಹಣೆಯಲ್ಲಿ ವಿಭೂತಿ, ನೆಟ್ಟಗೆ ಬೆನ್ನು, ಅಲ್ಲಾಡದ ನೋಟ, ಎದುರಿಗೆ ನೀರಿನ ಚೆಂಬು. ಮೊದಲು ಒಬ್ಬಳು ಹೆಂಗಸು ಬಂದು ನಿಂತಳು. ನೋಡಿದಳು. ತಲೆಯಿಂದ ಒಂದು ಸೇವಂತಿಗೆ ತೆಗೆದು ಚೆಂಬಿನ ಮುಂದೆ ಇಟ್ಟು ಕೈಮುಗಿದು ಹೋದಳು. ಸ್ವಲ್ಪ ಹೊತ್ತಿಗೆ ಊದಿನಕಡ್ಡಿ ಬಂತು, ಅರಿಶಿನ ಕುಂಕುಮ ಬಂತು. "ಮೇಡಮ್ಮೋರು ಭೂಮ್ತಾಯಿಗೆ ಪೂಜೆಗೆ ಕುಂತವ್ರೆ" ಎಂಬ ಸುದ್ದಿ ಎರಡೂ ಬೀದಿಗೆ ಹಬ್ಬಿತು.

ಮೇಡಂ ಚೆಂಬಿನಿಂದ ಕಣ್ಣು ತೆಗೆಯದೆ, ಹಲ್ಲು ಕಚ್ಚಿ ನನಗೆ ಹೇಳಿದರು: "ಮೇಷ್ಟ್ರೆ, ಇವರಿಗೆ ಹೇಳ್ರಿ. ಇದು ಪೂಜೆ ಅಲ್ಲ, ವೀಕ್ಷಣೆ."

ನಾನು ಒಬ್ಬ ಅಜ್ಜಿಯ ಹತ್ತಿರ ಹೋಗಿ ಹೇಳಿದೆ. ಅಜ್ಜಿ ನನ್ನನ್ನು ಕರುಣೆಯಿಂದ ನೋಡಿದಳು. "ನೀವು ಸಾಬ್ರು ಅಲ್ವಾ, ನಿಮ್ಗೆ ಗೊತ್ತಾಗಕ್ಕಿಲ್ಲ ಬುಡಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಬಾಣಂತಿ ಕೆಳಗಿಳಿದು ಮನೆಯೊಳಗೆ ಹೋದಳು. ಆಮೇಲೆ ಮಂಚಗಳು ಇಳಿದವು, ಕೋಳಿ ಇಳಿದವು, ಟಿವಿ ಇಳಿಯಿತು. ಮೇಡಮ್ಮೋರೇ ಕೂತಿರುವಾಗ ಏನಾಗುತ್ತದೆ ಎಂದು ಜನಕ್ಕೆ ಧೈರ್ಯ. ಸಂಜೆಯಾಯಿತು. ನೀರು ಅಲ್ಲಾಡಲಿಲ್ಲ. ಊರು ಸಂಭ್ರಮಪಟ್ಟಿತು, ಮೇಡಂ ಮುಖ ಸಪ್ಪಗಾಯಿತು. ಅವರು ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ಜನ ಸಾಲಾಗಿ ಬಂದು ಚೆಂಬಿನ ನೀರನ್ನು ತೀರ್ಥವೆಂದು ಕುಡಿದುಬಿಟ್ಟರು. ಟವೆಲಿನ ಯಜಮಾನರು ಎರಡು ಸಲ ತೆಗೆದುಕೊಂಡರು.

"ಅಷ್ಟು ಪಾಠ ಹೇಳಿದ್ದು ವ್ಯರ್ಥ," ಎಂದರು ಮೇಡಂ ಬಸ್ಸಿನಲ್ಲಿ. ಆಮೇಲೆ, "ಹೋಗ್ಲಿ, ಆ ಕೂಸು ನೆರಳಿಗೆ ಹೋಯ್ತಲ್ಲ," ಎಂದರು. ಅವತ್ತು ಪಕ್ಕದ ಸೀಟಿನಲ್ಲಿ ಕೂತಿದ್ದ ಹೆಂಗಸಿಗೆ ಕೋಟೆಯಿಂದ ಹುಣಸೂರಿನ ತನಕ ಫಲಕಗಳ ಪಾಠವಾಯಿತು.

ನಿವೃತ್ತಿಯಾದ ಮೇಲೆ ಮೇಡಂ ಕೆ.ಆರ್. ನಗರಕ್ಕೆ, ತಂಗಿಯ ಮನೆಗೆ ಹೋದರು. ಎಲ್ಲೇ ಭೂಮಿ ನಡುಗಲಿ, ನನಗೆ ಫೋನ್ ಬರುತ್ತಿತ್ತು: "ಮೇಷ್ಟ್ರೆ, ಟಿವಿ ಹಾಕಿ." ಒಂದು ಸಲ ತಂಗಿಯ ಜೊತೆ ನೇಪಾಳಕ್ಕೆ ಯಾತ್ರೆ ಹೋಗಿಬಂದರು. "ಪಶುಪತಿನಾಥನ ದರ್ಶನ ಚೆನ್ನಾಗಿ ಆಯ್ತು. ಅದೊಂದು ಆಗ್ಲಿಲ್ಲ," ಎಂದು ದನಿ ತಗ್ಗಿಸಿ ಹೇಳಿದರು. ತಂಗಿ ಪಕ್ಕದಲ್ಲೇ ಇದ್ದಿರಬೇಕು.

ಕೆಲವು ವರ್ಷ ಬಿಟ್ಟು ಆ ನೇಪಾಳದಲ್ಲೇ ದೊಡ್ಡ ಭೂಕಂಪವಾಯಿತು. ಅವತ್ತು ಅವರ ಫೋನು ಬರಲಿಲ್ಲ. ನಾನೇ ಮಾಡಿದೆ.

"ನಾವು ಇಳ್ಕೊಂಡಿದ್ದ ಬೀದಿ ತೋರಿಸ್ತಿದ್ದಾರೆ ಅನ್ಸುತ್ತೆ ಮೇಷ್ಟ್ರೆ. ಗುರುತೇ ಸಿಗ್ತಿಲ್ಲ. ನಮಗೆ ಟೀ ಕೊಡ್ತಿದ್ದ ಹೆಂಗಸು ಒಬ್ಳಿದ್ಲು..." ಎಂದು ನಿಲ್ಲಿಸಿದರು. "ಅದನ್ನ ನೋಡ್ಬೇಕು ಅಂತ ಆಸೆಪಟ್ಟಿದ್ನಲ್ಲ ನಾನು. ಅದು ನೋಡೋವಂಥದ್ದಲ್ಲ."

ಅದಾದ ಮೇಲೆ ಅವರು ಬಸ್ಸಿನಲ್ಲಿ ತಪ್ಪಿಹೋದ ಆ ಒಂದು ಗಳಿಗೆಯ ಮಾತನ್ನು ಎಂದೂ ಎತ್ತಲಿಲ್ಲ.

ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯೊಳಗಿನ ಗೂಡಿನಲ್ಲಿ ಮೇಡಂ ಪಾಠ ಕೇಳಿಸಿಕೊಳ್ಳುವವರ ಹಾಗೆ ಕೂತಿದ್ದರು, ಹಣೆಯ ಮೇಲೆ ದಪ್ಪಗೆ ವಿಭೂತಿ. ನಮ್ಮಲ್ಲೂ ಮಣ್ಣು ಕೊಡುವುದೇ ಕೊನೆಯ ಕೆಲಸ. ನಾನು ಒಂದು ಹಿಡಿ ಹಾಕಿ ಪಕ್ಕಕ್ಕೆ ಸರಿದೆ. ಕೋಲೂರಿಕೊಂಡು ಬಂದಿದ್ದ ನಮ್ಮ ಹಳೆಯ ಹೆಡ್‌ಮಾಸ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, "ಇನ್ನು ಬಂದ್ರೆ ಮೊದಲು ಇವರಿಗೇ ಗೊತ್ತಾಗೋದು," ಎಂದರು. ನಗು ಬಂತು. ಅಂಥ ಜಾಗದಲ್ಲಿ ನಗಬಾರದೆಂದು ಟೋಪಿ ಸರಿಮಾಡಿಕೊಳ್ಳುವ ಹಾಗೆ ಮುಖ ಮುಚ್ಚಿಕೊಂಡೆ. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ನೋಡಿದರೆ ಹೆಡ್‌ಮಾಸ್ಟ್ರೂ ಕನ್ನಡಕ ಒರೆಸುತ್ತಿದ್ದರು.

ರೊಟ್ಟಿ ಸೀದ ಆ ಭಾನುವಾರ ಕಳೆದು, ಮಾರನೆಯ ದಿನ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎರಡು ಮಕ್ಕಳ ಕೈ ಹಿಡಿದುಕೊಂಡ ಹೆಂಗಸೊಬ್ಬಳು ಬಂದು "ಸಾ, ಗುರ್ತು ಸಿಕ್ತಾ?" ಎಂದಳು. ಆ ಶಾಲೆಯಲ್ಲಿ ಓದಿದ ಹುಡುಗಿಯರಲ್ಲಿ ಒಬ್ಬಳು ಎಂದು ಗೊತ್ತಾಯಿತು, ಹೆಸರು ಹೊಳೆಯಲಿಲ್ಲ. ಅವಳಿಗೂ ಅದು ತಿಳಿಯಿತು, ತಾನೇ ಹೇಳಿಕೊಂಡಳು. ಯೋಗಕ್ಷೇಮವೆಲ್ಲ ಆದ ಮೇಲೆ ಕೇಳಿದಳು: "ಮಿಸ್ಸು ಎಂಗವ್ರೆ ಸಾ?"

ಹೇಳಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಚಿಕ್ಕವನು ಅವಳ ಕೈ ಜಗ್ಗುತ್ತಿದ್ದ. ಅಷ್ಟರಲ್ಲಿ ಅವಳ ಬಸ್ಸು ಬಂತು. ಮಕ್ಕಳನ್ನು ಹತ್ತಿಸಿ, ತಾನೂ ಒಂದು ಮೆಟ್ಟಿಲು ಹತ್ತಿ, ತಿರುಗಿದಳು.

"ನಮ್ಮನೇಲಿ ಮಂಚದ್ ಕೆಳ್ಗೆ ಒಂದ್ ಸಾಮಾನೂ ಮಡಗಕ್ಕಿಲ್ಲ ಸಾ," ಎಂದಳು. "ಈರುಳ್ಳಿ ಮೂಟೆ ಎಲ್ ಮಡಗ್ಲಿ ಅಂತ ನಮ್ಮತ್ತೆ ಈಗ್ಲೂ ಬಯ್ತಾರೆ. ಐಕ್ಳು ನುಗ್ಗಕ್ಕೆ ಜಾಗ ಇರ್ಲಿ ಅಂತ ಖಾಲಿ ಬುಟ್ಟಿವ್ನಿ."

ಬಸ್ಸು ಹೊರಟುಹೋಯಿತು. ಈ ಮಾತನ್ನು ಕೇಳಬೇಕಾದವರು ಒಬ್ಬರೇ ಇದ್ದರು. ಅವರಿಗೆ ಇದನ್ನು ಮುಟ್ಟಿಸುವುದು ಹೇಗೆಂದು ತಿಳಿಯದೆ, ನಾನು ಹೋಗಬೇಕಾಗಿದ್ದ ಬಸ್ಸು ಬಂದು ಹೋದರೂ ಅಲ್ಲೇ ನಿಂತಿದ್ದೆ.